ಬಾದಾಮಿ ಮಾವು ಬಣ್ಣ ಬರುವ ಹೊತ್ತಿಗೆ ತೊಟ್ಟಿನಿಂದ ಕಪ್ಪಾಗುತ್ತಿದೆ, ಇನ್ನೊಂದು ವಾರ ಉಳಿಸುವುದು ಹೇಗೆ?

ರಾಮನಗರದ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ರಾಮನಗರ ತಾಲ್ಲೂಕು, ತಾತ ನೆಟ್ಟ ಮಾವಿನ ತೋಟ. ಮುಕ್ಕಾಲು ಪಾಲು ಬಾದಾಮಿ, ಉಳಿದದ್ದು ರಸಪುರಿ, ಬದುವಿನ ಮೇಲೆ ಒಂದಷ್ಟು ಮಲ್ಲಿಕಾ. ಅಪ್ಪನ ಕಾಲದಲ್ಲಿ ಹೂವು ಬಿಡುವಾಗಲೇ ತೋಟ ಗುತ್ತಿಗೆಗೆ ಹೋಗುತ್ತಿತ್ತು. ಕಾಯಿ ಎಷ್ಟು ಬಂತು, ಯಾವ ಮಂಡಿಗೆ ಹೋಯಿತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ತೋಟ ನಾನು ನೋಡಿಕೊಳ್ಳುತ್ತಿದ್ದೇನೆ. ಗುತ್ತಿಗೆ ನಿಲ್ಲಿಸಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಮೂರು ಕೆಜಿ ಬಾಕ್ಸ್‌ನಲ್ಲಿ ನೇರವಾಗಿ ಕೊಡುತ್ತೇವೆ. ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಕಡೆಯವರಿಗೆ ಬಸ್ ಪಾರ್ಸೆಲ್‌ನಲ್ಲೂ ಹೋಗುತ್ತದೆ.

ತೊಂದರೆ ಏನೆಂದರೆ, ಬಾಕ್ಸ್ ಹೋಗುವಾಗ ಕಾಯಿ ಹಸಿರು, ಗಟ್ಟಿ, ನೋಡಲು ಚೆನ್ನಾಗಿಯೇ ಇರುತ್ತದೆ. ಬಣ್ಣ ತಿರುಗುವ ಹೊತ್ತಿಗೆ ತೊಟ್ಟಿನ ಸುತ್ತ ಕಪ್ಪು ಉಂಗುರ ಬರುತ್ತದೆ. ಮರುದಿನ ಅದು ಅರ್ಧ ಹಣ್ಣಿಗೆ ಇಳಿದಿರುತ್ತದೆ. ಇನ್ನು ಕೆಲವು ಹಣ್ಣಿನ ಮೇಲೆ ಕಪ್ಪು ಚುಕ್ಕಿ, ಕಣ್ಣೀರು ಇಳಿದ ಹಾಗೆ ಗೆರೆ. ಮತ್ತೆ ಕೆಲವಕ್ಕೆ ಸಿಪ್ಪೆ ಸುಟ್ಟಂತಹ ಕಂದು ಕಲೆ. ಅದು ಒಳಗೆ ಹೋಗಿರುವುದಿಲ್ಲ, ಆದರೆ ನೋಡಿದವರು ಕೈಗೆ ತೆಗೆದುಕೊಳ್ಳುವುದಿಲ್ಲ. ಒಂದು ಹಣ್ಣು ಒಡೆದು ನೀರು ಬಿಟ್ಟರೆ ಇಡೀ ಬಾಕ್ಸ್ ವಾಸನೆ. ಗಿರಾಕಿಗಳು ಫೋಟೋ ಕಳಿಸುತ್ತಾರೆ. ನಾನು ದುಡ್ಡು ವಾಪಸ್ ಕೊಡುತ್ತೇನೆ. ದುಡ್ಡಿಗಿಂತ ಜಾಸ್ತಿ ಬೇಜಾರು ಹಣ್ಣು ಹಾಳಾದದ್ದಕ್ಕೆ. ಮರದ ಮೇಲೆ ಅಷ್ಟು ಚೆನ್ನಾಗಿದ್ದ ಹಣ್ಣು.

ನಮ್ಮಲ್ಲಿ ಕೊಯ್ಲು ಹೀಗೆ: ಬಲೆ ಕಟ್ಟಿದ ದೋಟಿಯಲ್ಲಿ ಕೀಳುತ್ತಾರೆ. ಬೆಳಿಗ್ಗೆ ಶುರುವಾದರೆ ಮಧ್ಯಾಹ್ನದ ತನಕ. ಕಿತ್ತದ್ದನ್ನು ಮರದ ಬುಡದಲ್ಲಿ ಗೋಣಿ ಹಾಸಿ ರಾಶಿ ಹಾಕುತ್ತಾರೆ. ಸಂಜೆ ಮನೆಗೆ ತಂದು ಒರೆಸಿ, ಆರಿಸಿ, ಮರುದಿನ ಬಾಕ್ಸ್‌ಗೆ ತುಂಬುತ್ತೇವೆ.

ಹತ್ತಿರದಲ್ಲೇ ಆಲೂಗಡ್ಡೆ ಇಡುವ ಒಂದು ಕೋಲ್ಡ್ ಸ್ಟೋರೇಜ್ ಇದೆ. 4 ಡಿಗ್ರಿಯಲ್ಲಿ ಜಾಗ ಕೊಡುತ್ತೇನೆ, ತಿಂಗಳಾದರೂ ಕೆಡಲ್ಲ ಅಂತ ಅವರು ಹೇಳುತ್ತಾರೆ. ಇಡಬಹುದಾ? ಮೇಣ ಹಚ್ಚಿದರೆ ಉಳಿಯುತ್ತದೆ ಅಂತ ಇನ್ನೊಬ್ಬರು. ಯಾವುದನ್ನು ನಂಬಲಿ? ನನಗೆ ತಿಂಗಳು ಬೇಡ. ಇನ್ನೊಂದು ವಾರ ಸಿಕ್ಕಿದರೆ ಸಾಕು, ದೂರದ ಊರಿಗೂ ಧೈರ್ಯವಾಗಿ ಕಳಿಸಬಹುದು.

ಶ್ರೀನಿವಾಸಪುರ ಪ್ಯಾಕ್‌ಹೌಸ್:

ನೋಡಿಯಮ್ಮ, ಮೊದಲು ಒಂದು ಮಾತು. ಆ 4 ಡಿಗ್ರಿ ಕೋಲ್ಡ್ ಸ್ಟೋರೇಜ್‌ಗೆ ಒಂದು ಕಾಯಿಯನ್ನೂ ಇಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಾವಿನ ಕೊಯ್ಲು, ಪ್ಯಾಕಿಂಗ್ ಇದರಲ್ಲೇ ನನ್ನ ಬದುಕು ಕಳೆದಿದೆ. ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ತೊಂದರೆ ಇದೆ. ಎಲ್ಲರೂ ಒಟ್ಟಿಗೆ 'ಹಣ್ಣು ಕೆಡ್ತು' ಅಂದುಬಿಡುತ್ತಾರೆ, ಅದಕ್ಕೇ ಔಷಧಿ ತಪ್ಪುತ್ತದೆ.

ತೊಟ್ಟಿನಿಂದ ಕೆಳಗಿಳಿಯುವ ಕಪ್ಪು ಉಂಗುರ ತೊಟ್ಟು ಕೊಳೆ. ಚುಕ್ಕಿ ಮತ್ತು ಇಳಿಗೆರೆ ಚಿಬ್ಬು ರೋಗ. ಸಿಪ್ಪೆ ಸುಟ್ಟ ಕಲೆ ರೋಗವೇ ಅಲ್ಲ, ಸೊನೆ ಬಿದ್ದ ಗಾಯ. ಚಿಬ್ಬಿನ ಶಿಲೀಂಧ್ರ ಹೂವು, ಹೀಚು ಇರುವಾಗಲೇ ಸೇರಿಕೊಂಡಿರುತ್ತದೆ. ಹಸಿರು ಕಾಯಿಯ ಸಿಪ್ಪೆಯಲ್ಲಿ, ಸೊನೆಯಲ್ಲಿ ಅದನ್ನು ತಡೆಯುವ ಶಕ್ತಿ ಇರುತ್ತದೆ. ಕಾಯಿ ಮಾಗುತ್ತಾ ಆ ಶಕ್ತಿ ಕಡಿಮೆಯಾಗುತ್ತದೆ, ಶಿಲೀಂಧ್ರ ಎದ್ದು ಕೂರುತ್ತದೆ. ನಿಮ್ಮ ಬಾಕ್ಸ್ ಹಸಿರಿರುವಾಗ ಚೆನ್ನಾಗಿದ್ದು ಬಣ್ಣ ಬಂದಾಗ ಕೆಡುವುದು ಇದಕ್ಕೇ. ಬಸ್ಸಿನಲ್ಲಿ ಆದದ್ದಲ್ಲ ಅದು, ತೋಟದಿಂದಲೇ ಹೋದದ್ದು.

ತೊಟ್ಟು ಕೊಳೆಯ ಶಿಲೀಂಧ್ರ ಒಣಗಿದ ಕಡ್ಡಿಯಲ್ಲಿ, ನೆಲದ ಮಣ್ಣಲ್ಲಿ ಇರುತ್ತದೆ. ಕಿತ್ತ ತೊಟ್ಟಿನ ಹಸಿ ಗಾಯ ಮಣ್ಣಿಗೆ ಅಥವಾ ಮಣ್ಣಾದ ಗೋಣಿಗೆ ತಗುಲಿದರೆ ಅದಕ್ಕೆ ದಾರಿ ಸಿಕ್ಕಂತೆ. ಹಾಗಾಗಿ ಮರದ ಬುಡದ ರಾಶಿ ಮೊದಲು ನಿಲ್ಲಬೇಕು. ಕ್ರೇಟ್ ತನ್ನಿ, ಒಳಗೆ ಕಾಗದ ಹಾಸಿ, ಅದರಲ್ಲೇ ನೆರಳಿಗೆ ಸಾಗಿಸಿ.

ಈಗ ತೊಟ್ಟಿನ ವಿಷಯ. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲೇ. ಒಂದು ಕಾಯಿ ಕೈಗೆ ತೆಗೆದುಕೊಳ್ಳಿ. ತೊಟ್ಟು ಕಾಯಿಗೆ ಸೇರುವ ಕಡೆ ಒಂದು ಸಣ್ಣ ಗಂಟು ಇರುತ್ತದೆ. ಬಲೆಗೆ ಸಿಕ್ಕಿಸಿ ಎಳೆದರೆ ಆ ಗಂಟಿನಲ್ಲೇ ಮುರಿಯುತ್ತದೆ, ಸೊನೆ ಚಿಮ್ಮುತ್ತದೆ. ಮೊದಲ ಚಿಮ್ಮುವಿಕೆಯ ಸೊನೆಯೇ ಅತಿ ಕೆಟ್ಟದ್ದು, ಎಣ್ಣೆ ಅಂಶ ಅದರಲ್ಲೇ ಜಾಸ್ತಿ. ಸಿಪ್ಪೆಯ ಮೇಲೆ ಹರಿದ ಕಡೆಯೆಲ್ಲ ಒಂದೆರಡು ದಿನದಲ್ಲಿ ಕಂದಾಗುತ್ತದೆ. ಅದೇ ಗಂಟಿಗಿಂತ ಮೇಲೆ, ಮೂರು ನಾಲ್ಕು ಬೆರಳು ತೊಟ್ಟು ಉಳಿಸಿ ಕತ್ತರಿಸಿದರೆ ಚಿಮ್ಮುವುದೇ ಇಲ್ಲ, ತುದಿಯಲ್ಲಿ ಒಂದು ಹನಿ ನಿಲ್ಲುತ್ತದೆ ಅಷ್ಟೇ. ದೋಟಿಯ ಬಾಯಿಗೆ ಬ್ಲೇಡ್ ಇರುವುದು ಸಿಗುತ್ತದೆ, ಅದನ್ನು ತನ್ನಿ.

ಹೀಗೆ ಉದ್ದ ತೊಟ್ಟಿನ ಸಮೇತ ನೆರಳಿಗೆ ತಂದಿರಿ ಅಂದುಕೊಳ್ಳಿ. ಅಲ್ಲಿ ಕಬ್ಬಿಣದ ಜಾಲರಿಯೋ ಬಿದಿರ ತಟ್ಟಿಯೋ ಎತ್ತರಕ್ಕೆ ಕಟ್ಟಿರಬೇಕು. ಕಾಯಿಯನ್ನು ತಲೆಕೆಳಗೆ ಹಿಡಿದು, ತೊಟ್ಟನ್ನು ಸುಮಾರು ಒಂದು ಸೆಂಟಿಮೀಟರ್‌ಗೆ ಕತ್ತರಿಸಿ, ಹಾಗೇ ತೊಟ್ಟು ಕೆಳಗೆ ಬರುವಂತೆ ಜಾಲರಿಯ ಮೇಲೆ ಕೂರಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಸೊನೆ ನೆಲಕ್ಕೆ ತೊಟ್ಟಿಕ್ಕಲಿ, ಇನ್ನೊಂದು ಕಾಯಿಯ ಮೇಲೆ ಬೀಳಬಾರದು. ಆ ಒಂದು ಸೆಂಟಿಮೀಟರ್ ತೊಟ್ಟು ಕೊನೆಯ ತನಕ ಉಳಿಯಬೇಕು. ಆಮೇಲೆ ಶುದ್ಧ ನೀರಲ್ಲಿ ತೊಳೆದು ಆರಿಸಿ. ಒರೆಸಬೇಡಿ. ಒಂದೇ ಬಟ್ಟೆಯಲ್ಲಿ ಎಲ್ಲ ಕಾಯಿ ಒರೆಸಿದರೆ ಒಂದರ ರೋಗ ಎಲ್ಲಕ್ಕೂ ಹಚ್ಚಿದಂತೆ. ಸಿಪ್ಪೆಯ ಮೇಲಿನ ಬೂದಿಯಂಥ ಪದರವೂ ಹೋಗುತ್ತದೆ. ನೀರು ಆರದಂತೆ ಕಾಯಿಯನ್ನು ಕಾಯುವುದು ಅದೇ.

ಇನ್ನು ಬಿಸಿನೀರು. 52 ಡಿಗ್ರಿ ನೀರಲ್ಲಿ 10 ನಿಮಿಷ ಮುಳುಗಿಸಿಟ್ಟರೆ ಚಿಬ್ಬು ರೋಗ ಬಹಳ ಮಟ್ಟಿಗೆ ನಿಲ್ಲುತ್ತದೆ. ಕಿತ್ತ ದಿನವೇ ಮಾಡಬೇಕು. ಥರ್ಮಾಮೀಟರ್ ಇಲ್ಲದೆ ಮಾಡಲೇಬಾರದು. ಕೈ ಹಾಕಿ ನೋಡಿ ಅಂದಾಜು ಮಾಡುವುದಕ್ಕೆ ಇದು ಸ್ನಾನದ ನೀರಲ್ಲ. 55 ದಾಟಿದರೆ ಸಿಪ್ಪೆ ಬೇಯುತ್ತದೆ, 50ಕ್ಕಿಂತ ಇಳಿದರೆ ಮಾಡಿದ್ದು ಸುಮ್ನೆ. ತಣ್ಣಗಿನ ಕಾಯಿ ಹಾಕಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ. ಆದ್ದರಿಂದ ನೀರು ತುಂಬಾ, ಕಾಯಿ ಸ್ವಲ್ಪ ಇರಲಿ, ಒಬ್ಬರು ಕಲಕುತ್ತಾ ಇರಲಿ. ತೆಗೆದ ಮೇಲೆ ಫ್ಯಾನ್ ಗಾಳಿಗೆ ಆರಿಸಿ. ಎಳೆ ಕಾಯಿ ಈ ಬಿಸಿ ತಡೆಯುವುದಿಲ್ಲ. ಮೊದಲು ಒಂದು ಕ್ರೇಟ್ ಮಾಡಿ, ಮಾಗುವ ತನಕ ನೋಡಿ, ಆಮೇಲೆ ಉಳಿದದ್ದು. ತೊಟ್ಟು ಕೊಳೆಗೆ ಮಾತ್ರ ಬಿಸಿನೀರು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ತೋಟದಲ್ಲೇ ಕೆಲಸ ಇದೆ.

ಈಗ ಕೋಲ್ಡ್ ಸ್ಟೋರೇಜ್. ಆಲೂಗಡ್ಡೆ ತಂಪು ದೇಶದ್ದು, ಮಾವು ಬಿಸಿಲಿನ ಮರ. ಬಲಿತ ಹಸಿರು ಮಾವಿಗೆ 13 ಡಿಗ್ರಿಗಿಂತ ಕೆಳಗಿನ ತಂಪು ಗಾಯ ಮಾಡುತ್ತದೆ. ಒಳಗಿರುವಾಗ ಗೊತ್ತಾಗುವುದಿಲ್ಲ. ಹೊರಗೆ ತೆಗೆದ ಮೇಲೆ ಸಿಪ್ಪೆ ಬೂದು ತಿರುಗುತ್ತದೆ, ಸಣ್ಣ ಸಣ್ಣ ಗುಳಿ ಬೀಳುತ್ತದೆ, ಬಣ್ಣ ಬರುವುದಿಲ್ಲ, ರುಚಿ ಸಪ್ಪೆ. ಬಾಳೆಯೂ ಇದೇ ಜಾತಿ, ಫ್ರಿಡ್ಜ್‌ನಲ್ಲಿಟ್ಟ ಬಾಳೆ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. 13 ಡಿಗ್ರಿ, ಗಾಳಿಯಲ್ಲಿ ತೇವ ಶೇ. 85ರಿಂದ 90, ಇದು ಸಿಕ್ಕಿದರೆ ರೋಗವಿಲ್ಲದ ಬಾದಾಮಿ ಎರಡರಿಂದ ಮೂರು ವಾರ ನಿಲ್ಲುತ್ತದೆ. ನಿಮಗೆ ಬೇಕಾದ ವಾರ ಅಲ್ಲಿದೆ. ರೋಗ ಇರುವ ಕಾಯಿ ಇಟ್ಟರೆ ಮಾತ್ರ ರೋಗವೂ ಜೊತೆಗೆ ಬಂದು ಹೊರಗೆ ಬಂದ ಮೇಲೆ ಎದ್ದೇಳುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಕಿತ್ತ ಕಾಯಿಗೆ ಹೊಸದಾಗಿ ದಿನ ತುಂಬುವ ಪುಡಿ, ಮೇಣ ಯಾವುದೂ ಇಲ್ಲ. ಮರದಿಂದ ತಂದ ದಿನಗಳನ್ನು ಕಿತ್ತ ದಿನವೇ ಬಿಸಿಲಲ್ಲಿ, ಮಣ್ಣಲ್ಲಿ, ಸೊನೆಯಲ್ಲಿ ಕಳೆದುಬಿಡುತ್ತೇವೆ. ಅಲ್ಲಿ ಕಳೆಯದಿದ್ದರೆ ನಿಮ್ಮ ಅರ್ಧ ಕೆಲಸ ಆಯಿತು.

ವಿಜಯಪುರ ಸೀಮೆ:

ಅಕ್ಕಾರ, ಕೋಲ್ಡ್ ಸ್ಟೋರೇಜ್ ಬಾಡಿಗೆ ಕಟ್ಟುವ ಮೊದಲು ಇಟ್ಟಿಗೆ ತೊಟ್ಟಿ ಕಟ್ಟಿ ನೋಡ್ರಿ. ಕರೆಂಟ್ ಬೇಡ. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ (ಐಎಆರ್‌ಐ) ಮಾಡಿದ ವಿನ್ಯಾಸ. ಇಟ್ಟಿಗೆಯ ಎರಡು ಗೋಡೆ, ನಡುವೆ ಮೂರು ಇಂಚು ಸಂದು, ಸಂದಿಗೆ ಹೊಳೆ ಮರಳು. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಬೇಕು. ಮೇಲೆ ಬಿದಿರ ಚೌಕಟ್ಟಿಗೆ ಒದ್ದೆ ಗೋಣಿ, ಅದರ ಮೇಲೆ ನೆರಳಿಗೆ ಚಪ್ಪರ. ನೀರು ಆರುವಾಗ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ, ಮನೆಯ ಮಣ್ಣಿನ ಹೂಜಿಯ ಹಾಗೆ.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೆ ಬೆಂಕಿ. ಒಳಗೆ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಸಿಗುತ್ತದೆ. ತೇವವೂ ಇರುತ್ತದೆ, ಹಾಗಾಗಿ ನಿಂಬೆ, ಪೇರಲ, ಚಿಕ್ಕು ಯಾವುದೂ ಸುಕ್ಕುಗಟ್ಟುವುದಿಲ್ಲ. ಕಾಯಿಯನ್ನು ಪ್ಲಾಸ್ಟಿಕ್ ಕ್ರೇಟ್‌ನಲ್ಲೇ ಇಡ್ರಿ. ನೆಲಕ್ಕೆ ಸುರಿದರೆ ಕೆಳಗಿನದು ನೆನೆದು ಕೊಳೆಯುತ್ತದೆ.

ಪುತ್ತೂರಿನವಳು:

ವಿಜಯಪುರದವರು ಹೇಳಿದ್ದು ಒಣ ಹವೆಗೆ ಸರಿ. ನಮ್ಮ ಕರಾವಳಿಯಲ್ಲಿ ಆ ತೊಟ್ಟಿ ಕಟ್ಟಿದವರು ಅದರಲ್ಲಿ ಈಗ ತೆಂಗಿನಕಾಯಿ ತುಂಬಿದ್ದಾರೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆರುವುದೇ ಇಲ್ಲ, ತಂಪು ಎಲ್ಲಿಂದ ಬರಬೇಕು? ರಾಮನಗರದಲ್ಲಿ ಏಪ್ರಿಲ್, ಮೇಗೆ ಸರಿಹೋಗಬಹುದು. ಜೂನ್ ಮಳೆ ಹಿಡಿದ ಮೇಲೆ ಅಲ್ಲೂ ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು ಅನ್ನಿಸಿತು. ಎಲ್ಲ ಹಣ್ಣನ್ನೂ ಹಣ್ಣಾಗಿಯೇ ಉಳಿಸಬೇಕು ಅಂತ ಯಾಕೆ? ಆರಿಸುವಾಗ ಚುಕ್ಕಿ ಇರುವುದು, ಏಟು ಬಿದ್ದದ್ದು ಬೇರೆ ಹಾಕುತ್ತೀರಲ್ವಾ, ಅದನ್ನು ದೂರದ ಊರಿಗೆ ಕಳಿಸುವ ಸಾಹಸವೇ ಬೇಡ. ನಮ್ಮಲ್ಲಿ ಮಾಂಬಳ ಮಾಡುತ್ತೇವೆ. ಹಣ್ಣಾದ ಕೂಡಲೇ ಕೆಟ್ಟ ಭಾಗ ಕೊಯ್ದು ತೆಗೆದು, ರಸ ಹಿಂಡಿ, ಓಲೆ ಚಾಪೆಯ ಮೇಲೆ ತೆಳುವಾಗಿ ಹರಡಿ ಬಿಸಿಲಿಗೆ ಇಡುವುದು. ಮರುದಿನ ಅದರ ಮೇಲೆ ಇನ್ನೊಂದು ಪದರ. ದಿನಾ ಒಂದೊಂದು ಪದರ ಕೂತು ದಪ್ಪ ಆಗುತ್ತದೆ. ಚೆನ್ನಾಗಿ ಒಣಗಿದರೆ ಮುಂದಿನ ಮಾವಿನ ಕಾಲದ ತನಕ ಇರುತ್ತದೆ. ಗೊಜ್ಜು ಮಾಡಿದರೆ ಮಳೆಗಾಲದ ಊಟಕ್ಕೆ ಬೇರೆ ಏನೂ ಬೇಡ. ಹುಳಿಸಿಹಿ ರಸ ಇರುವ ಕಾಟು ಮಾವು ನಮ್ಮಲ್ಲಿ ಇದಕ್ಕೆ ಇಷ್ಟ, ಆದರೆ ನಿಮ್ಮ ರಸಪುರಿಯೂ ಚೆನ್ನಾಗಿಯೇ ಆಗುತ್ತದೆ. ನಿಮ್ಮ ಗಿರಾಕಿಗಳಲ್ಲಿ ನಮ್ಮ ಕಡೆಯವರು ಖಂಡಿತ ಇರುತ್ತಾರೆ, ಕೇಳಿ ನೋಡಿ.

ತೋಟಗಾರಿಕೆ ವಿದ್ಯಾರ್ಥಿ:

ಶ್ರೀನಿವಾಸಪುರದ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ದಿನ ಹೆಚ್ಚಿಸುವ ವಸ್ತು ಯಾವುದೂ ಇಲ್ಲ ಅನ್ನುವುದಕ್ಕೆ ಸ್ವಲ್ಪ ತಕರಾರಿದೆ. ಮಾವು ಕಿತ್ತ ಮೇಲೂ ಉಸಿರಾಡುತ್ತದೆ, ತಾನೇ ಎಥಿಲೀನ್ ಅನಿಲ ಬಿಡುತ್ತದೆ. ಆ ಎಥಿಲೀನ್‌ನಿಂದಲೇ ಮಾಗುವುದು ಶುರುವಾಗುತ್ತದೆ. ಆ ಅನಿಲವನ್ನು ಹೀರುವ ಪೊಟ್ಟಣಗಳಿವೆ, ಒಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಿಡಿದ ಹರಳು. ನೇರಳೆ ಬಣ್ಣ ಕಂದು ತಿರುಗಿದರೆ ಅದರ ಕೆಲಸ ಮುಗಿಯಿತು ಅಂತ. ಹಣ್ಣಿಗೆ ಆ ಹರಳು ತಾಗಬಾರದು. 1-ಎಂಸಿಪಿ ಎಂಬ ಅನಿಲ ಹಣ್ಣಿಗೆ ಎಥಿಲೀನ್ ಗೊತ್ತಾಗದಂತೆ ತಡೆಯುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮತ್ತು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ ಸೇರಿ ಹೆಕ್ಸನಾಲ್ ಮೇಲೆ ಕೆಲಸ ಮಾಡಿವೆ. ಅದು ಗಿಡಗಳಲ್ಲೇ ಇರುವ ವಸ್ತು, ಹುಲ್ಲು ಕತ್ತರಿಸಿದಾಗ ಬರುವ ಹಸಿ ವಾಸನೆಯಲ್ಲಿ ಅದೂ ಇರುತ್ತದೆ. ಜೀವಕೋಶದ ಪೊರೆ ಬೇಗ ಒಡೆಯದಂತೆ ನೋಡಿಕೊಳ್ಳುತ್ತದೆ. ಕೊಯ್ಲಿಗೆ ಮೊದಲು ಮರಕ್ಕೇ ಸಿಂಪಡಿಸುತ್ತಾರೆ.

ಮೇಣದ ಬಗ್ಗೆ ಕೇಳಿದ್ದೀರಿ. ಆಹಾರಕ್ಕೆ ಬಳಸುವ ಮೇಣದ ತೆಳು ಲೇಪ ನೀರು ಆರುವುದನ್ನು ಕಡಿಮೆ ಮಾಡುತ್ತದೆ, ನಿಜ. ದಪ್ಪ ಆದರೆ ಒಳಗೆ ಗಾಳಿ ಸಾಲದೆ ಹಣ್ಣು ಹುದುಗಿದ ವಾಸನೆ ಬರುತ್ತದೆ. ರೋಗ ಒಳಗಿದ್ದರೆ ಅದೂ ಮೇಣದೊಳಗೇ ಬೆಳೆಯುತ್ತದೆ.

ಬಿಸಿನೀರಿನ ಬಗ್ಗೆ ಒಂದು ಎಚ್ಚರಿಕೆ. ಹುಡುಕಿದರೆ '48 ಡಿಗ್ರಿ, ಒಂದು ಗಂಟೆ' ಅಂತಲೂ ಸಿಗುತ್ತದೆ. ಅದು ಹಣ್ಣು ನೊಣದ ಮೊಟ್ಟೆ, ಹುಳು ಸಾಯಿಸಲು. 2014ರ ಮೇನಲ್ಲಿ ಯುರೋಪಿಯನ್ ಒಕ್ಕೂಟ ಈ ನೊಣದ ಕಾರಣಕ್ಕೇ ನಮ್ಮ ದೇಶದ ಮಾವು ನಿಲ್ಲಿಸಿತ್ತು, 2015ರ ಜನವರಿಯಲ್ಲಿ ಮತ್ತೆ ಬಿಟ್ಟಿತು. ರಫ್ತಿನ ಲೆಕ್ಕ ಬೇರೆ, ಚಿಬ್ಬು ರೋಗದ 52 ಡಿಗ್ರಿ, 10 ನಿಮಿಷ ಬೇರೆ. ಎರಡನ್ನೂ ಬೆರೆಸಿ 52ರಲ್ಲಿ ಒಂದು ಗಂಟೆ ಇಡಬೇಡಿ.

ರಾಮನಗರದ ತೋಟ:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ. ತೊಟ್ಟಿನ ವಿಷಯ ಕೇಳಿ ಅವರು ಅಲ್ಲೇ ಎದ್ದು ಒಂದು ಕಾಯಿ ಕತ್ತರಿಸಿ ನೋಡಿದರು. ಗಂಟಿನ ಮೇಲೆ ಕತ್ತರಿಸಿದಾಗ ನಿಜಕ್ಕೂ ಸೊನೆ ಚಿಮ್ಮಲಿಲ್ಲ. ಬ್ಲೇಡ್ ದೋಟಿ ಹೇಳಿಯಾಗಿದೆ. ಪುತ್ತೂರಿನ ಅಕ್ಕ, ಮಾಂಬಳಕ್ಕೆ ಅಮ್ಮ ಆಗಲೇ ಚಾಪೆ ಹುಡುಕುತ್ತಿದ್ದಾರೆ.

ಶ್ರೀನಿವಾಸಪುರದ ಅಣ್ಣ, ಇನ್ನೂ ಕೆಲವು ಕೇಳಬೇಕಿತ್ತು. ಕಾಯಿ ಬಲಿತಿದೆ ಅಂತ ಕೆಲಸದವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನೋಡಿ ಹೇಳುವ ಗುರುತು ಏನಾದರೂ ಇದೆಯಾ? ನಮಗೆ 13 ಡಿಗ್ರಿ ಕೋಣೆ ಕಟ್ಟಿಸುವ ಶಕ್ತಿ ಈಗ ಇಲ್ಲ. ಮನೆಯಲ್ಲಿ ಒಂದು ಕೋಣೆಗೆ ಎಸಿ ಇದೆ, ಅದರಲ್ಲಿ ಏನಾದರೂ ಆಗುತ್ತದಾ? ಮತ್ತೆ ಕೆಲವು ಗಿರಾಕಿಗಳಿಗೆ ಹಬ್ಬಕ್ಕೆ, ಮನೆ ಕಾರ್ಯಕ್ಕೆ ಅದೇ ದಿನ ಹಣ್ಣಾಗಿರಬೇಕು. ಪಕ್ಕದ ತೋಟದವರು ಕಾರ್ಬೈಡ್ ಒಂದು ಚಿಟಿಕೆ ಸಾಕು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಶ್ರೀನಿವಾಸಪುರ ಪ್ಯಾಕ್‌ಹೌಸ್:

ಮನಸ್ಸಿಲ್ಲ ಅಂದಿರಲ್ಲ, ಸಂತೋಷ ಆಯಿತು. ಕಾರ್ಬೈಡ್ ಕಾನೂನಿನಲ್ಲೇ ನಿಷೇಧ. ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ. ಹಣ್ಣಿಗೂ ಅದು ಒಳ್ಳೆಯದಲ್ಲ, ಹೊರಗೆ ಹಳದಿ, ಒಳಗೆ ಹುಳಿ. ಮಕ್ಕಳು ತಿನ್ನುವ ಹಣ್ಣಮ್ಮ ಅದು. ಒಂದು ಚಿಟಿಕೆಯೂ ಬೇಡ.

ದಾರಿ ಇದೆ. ಕಾನೂನು ಒಪ್ಪಿರುವುದು ಎಥಿಲೀನ್ ಅನಿಲವನ್ನು, 100 ಪಿಪಿಎಂ ತನಕ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು. ದೊಡ್ಡ ಮಂಡಿಗಳ ಹತ್ತಿರ ಹಣ್ಣು ಮಾಡುವ ಕೋಣೆಗಳಿರುತ್ತವೆ. 20ರಿಂದ 22 ಡಿಗ್ರಿಯಲ್ಲಿ ಒಂದು ದಿನ ಆ ಗಾಳಿಯಲ್ಲಿಟ್ಟು ತೆಗೆದರೆ ಎಲ್ಲ ಕಾಯಿಯೂ ಒಂದೇ ಸಮ ಹಣ್ಣಾಗುತ್ತದೆ. ನಿಮ್ಮ ಬಾಕ್ಸ್‌ನಲ್ಲಿ ಒಂದು ಹಣ್ಣು ಮುಂದೆ ಓಡಿ ಒಡೆದು, ಉಳಿದವು ಇನ್ನೂ ದೋರಗಾಯಿ ಇರುವ ತೊಂದರೆ ಇದರಿಂದ ಕಡಿಮೆಯಾಗುತ್ತದೆ. ಸ್ವಲ್ಪ ಕಾಯಿಗಾದರೆ ಅದೂ ಬೇಡ. ಭತ್ತದ ಹುಲ್ಲಿನಲ್ಲಿ ಅಡೆ ಹಾಕಿ, ಒಳಗೆ ಒಂದೆರಡು ಮಾಗಿದ ಹಣ್ಣಿಡಿ. ಅದು ಬಿಡುವ ಎಥಿಲೀನ್‌ನಿಂದಲೇ ಉಳಿದವು ಎಚ್ಚರವಾಗುತ್ತವೆ. ಹುಲ್ಲು ಒಣಗಿರಬೇಕು, ಬೂಸಲು ವಾಸನೆ ಇರಬಾರದು. ಇದೇ ಕಾರಣಕ್ಕೆ ಉಳಿಸಬೇಕಾದ ಕಾಯಿಯ ಕೋಣೆಯಲ್ಲಿ ಮಾಗಿದ ಬಾಳೆ, ಮಾಗಿದ ಮಾವು ಯಾವುದೂ ಇರಬಾರದು.

ಬಲಿತ ಗುರುತು ಕೇಳಿದಿರಿ. ಬಾದಾಮಿ ಬಲಿತಾಗ ತೊಟ್ಟಿನ ಎರಡೂ ಕಡೆ ಭುಜ ಎದ್ದು, ತೊಟ್ಟು ಸ್ವಲ್ಪ ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಕಡುಹಸಿರು ಹೋಗಿ ತಿಳಿಹಸಿರು ಬರುತ್ತದೆ. ಅನುಮಾನ ಬಂದರೆ ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಂದನ್ನು ಕುಯ್ದೂ ನೋಡಿ, ಓಟೆಯ ಹತ್ತಿರ ಬಿಳಿ ಹೋಗಿ ಕೆನೆ ಬಣ್ಣ ತಿರುಗಿರಬೇಕು. ಎಳೆಯದನ್ನು ಕಿತ್ತರೆ ಸುಕ್ಕಾಗುತ್ತದೆ, ಹಣ್ಣಾದರೂ ರುಚಿ ಇಲ್ಲ. ಹಾಗಂತ ಬಾದಾಮಿಯನ್ನು ಮರದಲ್ಲೇ ಪೂರ್ತಿ ಮಾಗಲು ಬಿಡಬೇಡಿ. ಹೊರಗೆ ಚಂದ ಇದ್ದು ಒಳಗೆ ಬೆಳ್ಳಗೆ, ಸ್ಪಂಜಿನಂತೆ, ಹುಳಿಯಾಗುವ ತೊಂದರೆ ಈ ತಳಿಗೆ ಮೊದಲಿಂದ ಇದೆ. ತಡವಾದಷ್ಟೂ ಅದು ಜಾಸ್ತಿ. ಮರದ ಬುಡಕ್ಕೆ ಒಣ ಎಲೆ ಹೊದಿಸಿದರೆ ನೆಲದ ಕಾವು ತಗ್ಗಿ ಅದು ಕಡಿಮೆಯಾಗುತ್ತದೆ.

ಎಸಿ ಕೋಣೆ ಖಂಡಿತ ಬಳಸಿ. ಮನೆ ಎಸಿ ಸಾಮಾನ್ಯವಾಗಿ 16ಕ್ಕಿಂತ ಕೆಳಗೆ ಇಳಿಯುವುದಿಲ್ಲ, ನಮಗೆ ಅದೇ ಒಳ್ಳೆಯದು, ತಂಪಿನ ಗಾಯದ ಭಯ ಇಲ್ಲ. ಹೊರಗೆ 35 ಇರುವಾಗ 17, 18ರಲ್ಲಿ ಇಟ್ಟರೆ ಕಾಯಿಯ ಉಸಿರಾಟ ಅರ್ಧಕ್ಕೂ ಕಡಿಮೆ ಆಗುತ್ತದೆ. ಹತ್ತು ಡಿಗ್ರಿ ಏರಿದರೆ ಅದು ಎರಡು ಮೂರು ಪಟ್ಟು ಆಗುತ್ತದೆ, ಅದೇ ಲೆಕ್ಕ ತಿರುಗಿಸಿ ನೋಡಿ. ಎರಡು ವಿಷಯ ಮರೆಯಬೇಡಿ. ಎಸಿ ಗಾಳಿಯ ತೇವ ಹೀರುತ್ತದೆ, ನೆಲಕ್ಕೆ ನೀರು ಚಿಮುಕಿಸಿ ಒದ್ದೆ ಗೋಣಿ ನೇತುಹಾಕಿ. ಬಿಸಿಲಲ್ಲಿ ಕಾದ ಕಾಯಿಯನ್ನು ಒಮ್ಮೆಲೇ ತುಂಬಬೇಡಿ. ರಾತ್ರಿ ಹೊರಗಿನ ತಂಪಿಗೆ ಕ್ರೇಟ್ ಬಿಡಿಸಿಟ್ಟು ಬೆಳಗಿನ ಜಾವ ಒಳಗೆ ಸೇರಿಸಿ. ಕರೆಂಟ್ ಬಿಲ್ಲೂ ಉಳಿಯುತ್ತದೆ.

ಮೂರು ತಳಿಗೂ ಒಂದೇ ಲೆಕ್ಕ ಹಾಕಬೇಡಿ. ರಸಪುರಿಯ ಸಿಪ್ಪೆ ತೆಳು, ಬೇಗ ಮೆತ್ತಗಾಗುತ್ತದೆ. ಅದನ್ನು ಬೆಂಗಳೂರಿಗೇ ಕೊಡಿ, ಉಳಿದದ್ದು ಮಾಂಬಳಕ್ಕೆ. ಪುಣೆ, ಹೈದರಾಬಾದ್‌ಗೆ ಬಾದಾಮಿ. ಮಲ್ಲಿಕಾ ನಿಮ್ಮ ಬದುವಿನ ಬಂಗಾರ. ನೀಲಂ ಮತ್ತು ದಶೇರಿ ಕೂಡಿಸಿ ಮಾಡಿದ ತಳಿ ಅದು, ತಡವಾಗಿ ಬರುತ್ತದೆ, ನಿಧಾನಕ್ಕೆ ಹಣ್ಣಾಗುತ್ತದೆ, ದೂರ ತಡೆಯುತ್ತದೆ. ಹೊಸ ಗಿಡ ಹಾಕುವುದಿದ್ದರೆ ಯೋಚನೆ ಮಾಡಿ.

ವಿದ್ಯಾರ್ಥಿ ತಮ್ಮ ಹೇಳಿದ ಹೆಕ್ಸನಾಲ್, 1-ಎಂಸಿಪಿ ಎರಡೂ ಒಳ್ಳೆಯ ವಿಷಯ. ದಿನ ಹೆಚ್ಚುತ್ತದೆ ಅನ್ನುವುದನ್ನೂ ಒಪ್ಪುತ್ತೇನಪ್ಪ. ಆದರೆ ಮಣ್ಣಲ್ಲಿ ಬಿದ್ದ ತೊಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಮೊದಲು ಜಾಲರಿ, ಥರ್ಮಾಮೀಟರ್, ನೆರಳು. ಅದು ರೂಢಿಯಾದ ಮೇಲೆ ಬೇಕಿದ್ದರೆ ಉಳಿದದ್ದು.

ಬಾಕ್ಸ್ ವಿಷಯ. ಗಾಳಿ ಆಡಲು ತೂತು ಇರುವ ರಟ್ಟಿನ ಬಾಕ್ಸ್, ಎರಡು ಪದರಕ್ಕಿಂತ ಹೆಚ್ಚು ಬೇಡ, ನಡುವೆ ರಟ್ಟು. ನ್ಯೂಸ್ ಪೇಪರ್ ಬೇಡ, ಶಾಯಿ ಹತ್ತುತ್ತದೆ. ಬರೀ ಬಿಳಿ ಕಾಗದ ಸಾಕು. ಒಳಗೆ ಒಂದು ಚೀಟಿ ಹಾಕಿ: ಕಿತ್ತ ದಿನಾಂಕ, ಬಂದ ಕೂಡಲೇ ಬಾಕ್ಸ್ ಬಿಚ್ಚಿ ಹರಡಿ, ಹಣ್ಣಾಗುವ ಮೊದಲು ಫ್ರಿಡ್ಜ್‌ಗೆ ಇಡಬೇಡಿ, ಹಣ್ಣಾದ ಮೇಲೆ ಇಡಬಹುದು. ಅರ್ಧ ದೂರು ಅಲ್ಲೇ ನಿಲ್ಲುತ್ತದೆ.

ತೊಟ್ಟು ಕೊಳೆಗೆ ಈ ವರ್ಷ ಮಾಡಬಹುದಾದದ್ದು ಇಷ್ಟೇ. ಕೊಯ್ಲು ಮುಗಿದ ಮೇಲೆ ಒಣ ಕಡ್ಡಿ, ರೋಗದ ಕಡ್ಡಿ ಎಲ್ಲ ಕತ್ತರಿಸಿ ತೋಟದ ಹೊರಗೆ ಸುಡಿ. ಒಳಗೆ ಬೆಳಕು ಬೀಳುವಂತೆ ನಡುವಿನ ಕೊಂಬೆ ಬಿಡಿಸಿ. ಹೂವಿನ ಕಾಲಕ್ಕೆ ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದನ್ನು ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೋ ಕೇಳಿ ತಿಳಿದುಕೊಳ್ಳಿ, ನಿಮಗೆ ಎರಡೂ ಹತ್ತಿರ. ತಾತ ನೆಟ್ಟ ಮರ ಅಂದಿರಿ, ಹಳೆಯ ಮರದಲ್ಲಿ ಯಾವ ಕೊಂಬೆ ತೆಗೆಯಬೇಕು ಅನ್ನುವುದು ಸುಲಭ ಅಲ್ಲ. ಜುಲೈನಲ್ಲಿ ಮರದ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.